ಇಂಗ್ಲಿಷ್ ಪತ್ರದಲ್ಲಿ ‘ರೌಡಿ’ ಎಂದು ಬರೆಯುವ ಮೊದಲು

ದಾವಣಗೆರೆಯಲ್ಲಿ ‘ರೌಡಿ’ ಪದದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಂಡಿಪೇಟೆಯ ವ್ಯಾಪಾರಿಯಿಂದ ಹದಡಿ ರಸ್ತೆಯ ಹಾಸ್ಟೆಲ್ ಹುಡುಗನವರೆಗೆ ಎಲ್ಲರ ಬಾಯಲ್ಲೂ ಇರುವ ಪದ ಅದು. ಎಷ್ಟು ನಮ್ಮದಾಗಿಬಿಟ್ಟಿದೆ ಎಂದರೆ, ಇಂಗ್ಲಿಷಿನಿಂದ ಬಂದದ್ದು ಎನ್ನುವುದೇ ಮರೆತುಹೋಗಿದೆ. ಮನೆಯಲ್ಲಿ, ಬೀದಿಯಲ್ಲಿ, ಟಿವಿಯಲ್ಲಿ ಅದನ್ನು ಆಡುವಾಗ ಯಾವ ತೊಂದರೆಯೂ ಇಲ್ಲ. ಅದೇ ಪದವನ್ನು ವಾಪಸ್ ಇಂಗ್ಲಿಷಿಗೆ ಒಯ್ದಾಗ ಮಾತ್ರ ಎಡವಟ್ಟು ಶುರುವಾಗುತ್ತದೆ.

ನಾನು ಇಲ್ಲಿನ ವಿದ್ಯಾರ್ಥಿಗಳ ಇಂಗ್ಲಿಷ್ ಪತ್ರಗಳನ್ನು ತಿದ್ದಿಕೊಡುತ್ತೇನೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹಿರಿಯೂರು, ಹೊಳಲ್ಕೆರೆ ಕಡೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳೇ ಹೆಚ್ಚು. ವಾರ್ಡನ್‌ಗೆ ದೂರು, ಪ್ರಿನ್ಸಿಪಾಲರಿಗೆ ಮನವಿ, ಬೆಂಗಳೂರಿನ ಕಂಪನಿಯ ಎಚ್‌ಆರ್‌ಗೆ ಈಮೇಲ್, ಪಿಜಿ ಮಾಲೀಕರಿಗೆ ಮೆಸೇಜು — ಇವುಗಳಲ್ಲಿ ‘ಮೈ ರೂಮ್‌ಮೇಟ್ಸ್ ಆರ್ ರೌಡೀಸ್’ ಎಂಬಂಥ ವಾಕ್ಯ ಮತ್ತೆ ಮತ್ತೆ ಕಾಣುತ್ತದೆ. ಬರೆದವನ ಮನಸ್ಸಿನಲ್ಲಿ ಇರುವುದು ಹೆದರಿಕೆ. ಓದುವ ಹೊರಗಿನವರಿಗೆ ಕಾಣುವುದು ಗದ್ದಲ ಮಾಡುವ ಹುಡುಗರು. ಇನ್ನೊಂದು ಕಡೆ, ಬರೀ ಜೋರಾಗಿ ಹಾಡು ಹಾಕಿದವರನ್ನು ಹೀಗೆ ಕರೆದು, ಓದಿದ ಇಲ್ಲಿನ ಅಧಿಕಾರಿ ಗಾಬರಿಯಾಗುವುದೂ ಉಂಟು. ಎರಡೂ ಕಡೆ ನಷ್ಟ ಬರೆದವನಿಗೇ. ಆದ್ದರಿಂದ ಈ ಒಂದು ಪದವನ್ನು ಹಿಡಿದು, ಅದನ್ನು ಹೇಗೆ ಉಚ್ಚರಿಸಬೇಕು, ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂದು ಕ್ರಮವಾಗಿ ಹೇಳುತ್ತೇನೆ.

ಹಂತ 1: ಉಚ್ಚಾರಣೆ ಮತ್ತು ವ್ಯಾಕರಣ

ಉಚ್ಚಾರಣೆಯಲ್ಲಿ ನಾವು ತಪ್ಪುವುದು ಕಡಿಮೆ. ‘ಕ್ಲೌಡಿ’ ಎನ್ನುವ ಹಾಗೆಯೇ ‘ರೌಡಿ’. ಗೊಂದಲ ಇರುವುದು ಅದರ ಸಂಬಂಧಿ ಎಂದು ಊಹಿಸಲಾಗುವ ಇನ್ನೊಂದು ಪದದಲ್ಲಿ. ಆರ್, ಓ, ಡಬ್ಲ್ಯೂ ಎಂಬ ಮೂರು ಅಕ್ಷರಗಳನ್ನು ಸಾಲು ಎಂಬ ಅರ್ಥದಲ್ಲಿ ಓದಿದರೆ ‘ರೋ’. ಜಗಳ, ಗಲಾಟೆ ಎಂಬ ಅರ್ಥದಲ್ಲಿ ಓದಿದರೆ ‘ರೌ’. ಪತ್ರಿಕೆಯ ತಲೆಬರಹದಲ್ಲಿ ‘ವಾಟರ್ ರೌ’ ಎಂದಿದ್ದರೆ ಅದು ನೀರಿನ ತಕರಾರು, ಸಾಲಾಗಿ ಇಟ್ಟ ಕೊಡಗಳಲ್ಲ. ಬ್ರಿಟಿಷ್ ಪತ್ರಿಕೆಗಳನ್ನು ಓದುವವರು ಇದನ್ನು ನೆನಪಿಟ್ಟುಕೊಳ್ಳಿ.

ವ್ಯಾಕರಣದಲ್ಲಿ ಗಮನಿಸಬೇಕಾದದ್ದು ಹೆಚ್ಚಿದೆ. ಕನ್ನಡದಲ್ಲಿ ‘ರೌಡಿ’ ನಾಮಪದ: ಅವನೊಬ್ಬ ರೌಡಿ. ಇಂಗ್ಲಿಷಿನಲ್ಲಿ ನಾಮಪದವೂ ಹೌದು. ಆದರೆ ಇವತ್ತಿನ ಬಳಕೆಯಲ್ಲಿ ಅದು ಹೆಚ್ಚಾಗಿ ವಿಶೇಷಣ. ‘ಎ ರೌಡಿ ಕ್ರೌಡ್’ ಎಂದರೆ ಗದ್ದಲ ಎಬ್ಬಿಸುತ್ತಿರುವ ಗುಂಪು. ‘ಎ ರೌಡಿ ಪಾರ್ಟಿ’ ಎಂದರೆ ಕೂಗಾಟ ಕುಣಿದಾಟಗಳ ಪಾರ್ಟಿ. ಇದಕ್ಕೆ ‘ರೌಡಿಯರ್’, ‘ರೌಡಿಯೆಸ್ಟ್’ ಎಂಬ ತರತಮ ರೂಪಗಳೂ ಇವೆ. ಹಿಂದಿನ ಬೆಂಚು ಮುಂದಿನ ಬೆಂಚಿಗಿಂತ ಹೆಚ್ಚು ಗಲಾಟೆಯದು ಎನ್ನಲು ‘ರೌಡಿಯರ್’ ಸಾಕು.

ಕ್ರಿಯಾಪದ ಜೋಡಿಸುವಾಗ ನಮ್ಮವರು ‘ದೇ ಡಿಡ್ ರೌಡಿಸಂ’ ಎಂದು ಬರೆಯುತ್ತಾರೆ. ಕನ್ನಡದ ‘ರೌಡಿಸಂ ಮಾಡಿದರು’ ಎಂಬುದನ್ನು ಹಾಗೇ ಎತ್ತಿಟ್ಟದ್ದು ಅದು. ‘ರೌಡಿಯಿಸಂ’ ಎಂಬ ಪದ ಇಂಗ್ಲಿಷಿನಲ್ಲಿದೆ, ಹಳೆಯದೇ. ಆದರೆ ಅದರ ಹಿಂದೆ ‘ಡೂ’ ಕ್ರಿಯಾಪದ ಹೊಂದುವುದಿಲ್ಲ. ‘ದೇ ಗಾಟ್ ರೌಡಿ’, ‘ದ ಮೀಟಿಂಗ್ ಟರ್ನ್ಡ್ ರೌಡಿ’, ‘ದೇ ವರ್ ಬಿಹೇವಿಂಗ್ ರೌಡಿಲಿ’ ಎನ್ನಿ. ಮೊದಲ ಎರಡನ್ನು ಬಾಯಿಪಾಠ ಮಾಡಿದರೆ ಸಾಕು. ಮೂರನೆಯದು ವ್ಯಾಕರಣಬದ್ಧವಾಗಿದ್ದರೂ ಬಳಕೆಯಲ್ಲಿ ಕಡಿಮೆ. ಗುಣವನ್ನು ಹೇಳುವ ನಾಮಪದ ಬೇಕಿದ್ದರೆ ‘ರೌಡಿನೆಸ್’ ಇದೆ.

ಹಂತ 2: ಎರಡೂ ಭಾಷೆಗಳಲ್ಲಿ ಅದರ ತೂಕ ನೋಡಿ

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಈ ಪದ ಹುಟ್ಟಿದ್ದು ಅಮೆರಿಕದಲ್ಲಿ, 19ನೇ ಶತಮಾನದ ಮೊದಲ ವರ್ಷಗಳಲ್ಲಿ. ಊರ ಆಚೆಯ ಕಾಡುಗಡಿಗಳಲ್ಲಿ ಬದುಕುತ್ತಿದ್ದ, ಯಾರ ಮಾತನ್ನೂ ಕೇಳದ ಒರಟರಿಗೆ ಆ ಹೆಸರಿತ್ತು. ಮೇಲೆ ಹೇಳಿದ ‘ರೌ’ದಿಂದ ಬಂದಿರಬಹುದು ಎಂಬುದು ಊಹೆ, ಮೂಲ ಖಚಿತವಾಗಿಲ್ಲ ಎಂದೇ ನಿಘಂಟುಗಳು ಹೇಳುತ್ತವೆ. ಕ್ರಮೇಣ ಅದರ ಮೊನೆ ಸವೆಯಿತು. ಇಂದು ಅಮೆರಿಕದಲ್ಲಿ ಅದು ಗದ್ದಲ, ಉತ್ಸಾಹ, ಸ್ವಲ್ಪ ಒರಟುತನ ಕೂಡಿದ ಮಾತು. ಅಲ್ಲಿನ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್‌ನ ಗೊಂಬೆಯ ಹೆಸರೇ ರೌಡಿ. ಮಕ್ಕಳು ಅದರ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಈಜುಗಾರನನ್ನು ಜಗತ್ತು ರೌಡಿ ಗೇನ್ಸ್ ಎಂದೇ ಕರೆಯುತ್ತದೆ. ಕುಸ್ತಿಯ ರಾಡಿ ಪೈಪರ್, ಆಮೇಲೆ ರೋಂಡಾ ರೌಸಿ ಇಬ್ಬರೂ ಈ ಪದವನ್ನು ಬಿರುದಿನಂತೆ ಹೆಸರಿನ ಮುಂದೆ ಇಟ್ಟುಕೊಂಡವರು. ನಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ಓಡುವ ಹುಡುಗನಿಗೆ ಅಪ್ಪ ಅಮ್ಮ ಅಂಥ ಹೆಸರಿಡುವುದನ್ನು ಊಹಿಸಿಕೊಳ್ಳಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಕನ್ನಡದಲ್ಲಿ ಆ ಪದ ಹಿಡಿದ ದಾರಿ ಬೇರೆ. ಸಿನಿಮಾಗಳ ಪಾತ್ರ ಇದೆ, ನಿಜ. ಆದರೆ ಅದಕ್ಕಿಂತ ಗಟ್ಟಿಯಾದದ್ದು ಪೊಲೀಸ್ ಠಾಣೆಯ ಕಡತ ಎಂದು ನನ್ನ ಅಭಿಪ್ರಾಯ. ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶ ರೌಡಿ ಯಾರು ಎಂದು ಹೇಳುತ್ತದೆ. ಗೂಂಡಾ, ಹೂಲಿಗನ್, ರಫ್, ವ್ಯಾಗಬಾಂಡ್ ಎಂಬ ಪದಗಳನ್ನೂ, ಸಾರ್ವಜನಿಕ ಶಾಂತಿಗೆ ಅಪಾಯ ತರುವಂಥವನನ್ನೂ ಅದರೊಳಗೆ ಸೇರಿಸುತ್ತದೆ. ಆ ಆದೇಶದಂತೆ ಠಾಣೆಯಲ್ಲಿ ತೆರೆಯುವ ದಾಖಲೆಯೇ ರೌಡಿ ಶೀಟ್. ಹೆಸರು ಅದರಲ್ಲಿ ಏರಿದವನು ರೌಡಿ ಶೀಟರ್. ಗಣಪತಿ ಹಬ್ಬ, ಚುನಾವಣೆ ಹತ್ತಿರ ಬಂತೆಂದರೆ ಠಾಣೆ ಮುಂದೆ ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಡುವುದು ರೌಡಿ ಪರೇಡ್. ಇದನ್ನು ಓದುವ ಇಂಗ್ಲೆಂಡಿನವನಿಗೆ ‘ರೌಡಿ ಪರೇಡ್’ ಎಂದರೆ ಗದ್ದಲದ ಮೆರವಣಿಗೆ ಎಂದೇ ತೋರುತ್ತದೆ.

ಹೀಗೆ ಇಂಗ್ಲಿಷಿನಲ್ಲಿ ಆ ಹೊತ್ತಿನ ನಡತೆಯನ್ನು ಹೇಳುವ ಪದ, ನಮ್ಮಲ್ಲಿ ಮನುಷ್ಯನ ಮೇಲೆ ಒತ್ತಿದ ಮುದ್ರೆಯಾಗಿದೆ. ರಾತ್ರಿ ಪಾರ್ಟಿಯಲ್ಲಿ ರೌಡಿ ಆಗಿದ್ದವನು ಬೆಳಿಗ್ಗೆ ಎದ್ದು ಸಭ್ಯನಾಗಿ ಆಫೀಸಿಗೆ ಹೋಗಬಹುದು, ಇಂಗ್ಲಿಷಿನಲ್ಲಿ. ನಮ್ಮಲ್ಲಿ ಒಮ್ಮೆ ಹಾಗೆ ಕರೆಸಿಕೊಂಡವನ ಮದುವೆ ಮಾತುಕತೆಗೂ ಅದು ಅಡ್ಡ ಬರುತ್ತದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು: ರೌಡಿ ಶೀಟ್ ಎಂಬುದು ಪೊಲೀಸರು ನಿಗಾ ಇಡಲು ಬರೆದುಕೊಳ್ಳುವ ದಾಖಲೆ. ನ್ಯಾಯಾಲಯ ಕೊಟ್ಟ ಶಿಕ್ಷೆಯ ತೀರ್ಪಲ್ಲ. ಇಂಗ್ಲಿಷಿಗೆ ಅನುವಾದಿಸುವಾಗ ‘ಕನ್ವಿಕ್ಟ್’ ಎಂದೋ ‘ಕ್ರಿಮಿನಲ್’ ಎಂದೋ ಹಾಕಿದರೆ ಸುಳ್ಳಾಗುತ್ತದೆ. ‘ರೌಡಿ ಶೀಟರ್’ ಎಂದೇ ಉಳಿಸಿಕೊಂಡು, ಪೊಲೀಸರ ನಿಗಾ ಪಟ್ಟಿಯಲ್ಲಿರುವವನು ಎಂದು ಮುಂದಿನ ವಾಕ್ಯದಲ್ಲಿ ವಿವರಿಸಿ.

ಹಂತ 3: ಯಾವ ಪದದ ಪಕ್ಕ ಇಡುವುದು

ಇಂಗ್ಲಿಷಿನಲ್ಲಿ ‘ರೌಡಿ’ ಜೊತೆಗೆ ಸಹಜವಾಗಿ ಬರುವವು: ಗುಂಪು, ತರಗತಿ, ಅಭಿಮಾನಿಗಳು, ಪಾರ್ಟಿ, ಸಭೆ, ಮಕ್ಕಳು, ಕುಡಿದ ಗಿರಾಕಿಗಳು. ಎಲ್ಲದರಲ್ಲೂ ಶಬ್ದ ಇದೆ, ಗುಂಪುತನ ಇದೆ, ಹಿಡಿತ ತಪ್ಪಿದೆ. ನಮ್ಮೂರಿನ ಸನ್ನಿವೇಶಗಳಲ್ಲೇ ಅಭ್ಯಾಸ ಮಾಡೋಣ.

ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಪಂದ್ಯ. ಔಟ್ ಕೊಟ್ಟದ್ದಕ್ಕೆ ಹುಡುಗರು ಕೂಗಿ, ಬಾಟಲಿ ಎಸೆದು, ಅಂಪೈರ್ ಸುತ್ತ ನೆರೆದರು. ‘ದ ಸ್ಪೆಕ್ಟೇಟರ್ಸ್ ಟರ್ನ್ಡ್ ರೌಡಿ’ — ಸರಿಯಾದ ಬಳಕೆ.

ಕಾಲೇಜು ಡೇ ದಿನ ಹಿಂದಿನ ಸಾಲಿನವರು ಸೀಟಿ ಹೊಡೆದು ಭಾಷಣ ನಡೆಯಲು ಬಿಡಲಿಲ್ಲ. ‘ರೌಡಿ’ ಇಲ್ಲಿಯೂ ಸರಿ.

ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆಯಲ್ಲಿ ಜನಜಂಗುಳಿ, ಡೊಳ್ಳು, ಪೀಪಿ, ಉರುಮೆ, ಕೇಕೆ. ಇದನ್ನು ‘ರೌಡಿ’ ಎಂದು ಬರೆದರೆ ಜಾತ್ರೆಗೆ ಅವಮಾನ. ಅಲ್ಲಿರುವುದು ಸಂಭ್ರಮದ ಸದ್ದು. ಅದಕ್ಕೆ ‘ಬಾಯ್‌ಸ್ಟರಸ್’ ಅಥವಾ ‘ಲೈವ್‌ಲಿ’ ಬಳಸಿ.

ಒಬ್ಬ ಅಂಗಡಿಗೆ ಬಂದು ಚಾಕು ತೋರಿಸಿ ದುಡ್ಡು ಕೇಳಿದ. ಕನ್ನಡದಲ್ಲಿ ನಾವು ಥಟ್ಟನೆ ರೌಡಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇಲ್ಲಿ ಆ ಪದ ತೀರಾ ಹಗುರ. ಇದು ಸುಲಿಗೆ, ‘ಎಕ್ಸ್‌ಟಾರ್ಷನ್’. ಓದುವವರು ವಿಷಯದ ಗಂಭೀರತೆಯನ್ನೇ ತಪ್ಪಿಸಿಕೊಳ್ಳುತ್ತಾರೆ. ಆಯುಧ, ಗಾಯ, ಬೆದರಿಕೆ, ಹಣ ಇವುಗಳಲ್ಲಿ ಯಾವುದು ಬಂದರೂ ‘ರೌಡಿ’ ಪದವನ್ನು ಬದಿಗಿಡಿ.

ಹಂತ 4: ಇದರ ನೆರೆಹೊರೆಯ ಪದಗಳು

ಕನ್ನಡದಲ್ಲಿ ಚೇಷ್ಟೆ, ಕೀಟಲೆ, ತಂಟೆ, ಗದ್ದಲ, ಗಲಾಟೆ, ರಂಪ, ಪುಂಡಾಟ, ದಾಂಧಲೆ, ದೊಂಬಿ ಎಂದು ಒಂದೊಂದಕ್ಕೂ ಒಂದೊಂದು ಮೆಟ್ಟಿಲಿದೆ. ಕೀಟಲೆ ಮಾಡಿದ ಮಗುವನ್ನು ದೊಂಬಿ ಎಬ್ಬಿಸಿತು ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೇ ಮೆಟ್ಟಿಲುಗಳಿವೆ. ನಾವು ಮಾತ್ರ ಎಲ್ಲ ಮೆಟ್ಟಿಲಿಗೂ ಒಂದೇ ಪದ ಹಾಕುತ್ತೇವೆ.

ಎಲ್ಲಕ್ಕಿಂತ ಕೆಳಗಿನದು ‘ಬಾಯ್‌ಸ್ಟರಸ್’. ಖುಷಿಯ ಗದ್ದಲ. ಇದರಲ್ಲಿ ಬೈಗುಳವಿಲ್ಲ.

‘ಅನ್‌ರೂಲಿ’ ಬಹಳ ಉಪಯುಕ್ತ ಪದ, ನಮ್ಮವರು ಬಳಸುವುದೇ ಕಡಿಮೆ. ಹೇಳಿದ ಮಾತು ಕೇಳದ, ಹಿಡಿತಕ್ಕೆ ಸಿಗದ ಎಂದು ಅರ್ಥ. ಬಾಚಣಿಗೆಗೆ ಬಗ್ಗದ ಕೂದಲಿಗೂ ಇಂಗ್ಲಿಷಿನಲ್ಲಿ ‘ಅನ್‌ರೂಲಿ ಹೇರ್’ ಎನ್ನುತ್ತಾರೆ. ‘ರೌಡಿ’ ಆಗಲು ಸದ್ದು ಬೇಕು. ‘ಅನ್‌ರೂಲಿ’ ಆಗಲು ಮಾತು ಮೀರಿದರೆ ಸಾಕು, ಸುಮ್ಮನೆ ಕೂತೂ ಆಗಬಹುದು. ಕಚೇರಿ ಭಾಷೆಗೆ ಹೊಂದುವುದು ಇದೇ. ವಿಮಾನದಲ್ಲಿ ಗಲಾಟೆ ಮಾಡುವವರ ಬಗ್ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ತಂದ ನಿಯಮಗಳಲ್ಲಿ ‘ಅನ್‌ರೂಲಿ ಪ್ಯಾಸೆಂಜರ್’ ಎಂಬ ಪದವೇ ಇದೆ. ಅಲ್ಲಿ ಮೂರು ಹಂತ ಮಾಡಿದ್ದಾರೆ: ಬಾಯಿಮಾತಿನ ಕಿರುಕುಳ, ಅಸಭ್ಯ ಸನ್ನೆ, ಕುಡಿದು ರಂಪ ಮಾಡುವುದು ಮೊದಲನೆಯದು, 3 ತಿಂಗಳವರೆಗೆ ವಿಮಾನ ಪ್ರಯಾಣಕ್ಕೆ ನಿಷೇಧ. ಮೈಮೇಲೆ ಕೈ ಮಾಡುವುದು ಎರಡನೆಯದು, 6 ತಿಂಗಳವರೆಗೆ. ಜೀವಕ್ಕೆ ಅಪಾಯ ತರುವುದು ಮೂರನೆಯದು, ಕನಿಷ್ಠ 2 ವರ್ಷ. ಒಂದು ಪದದ ಒಳಗೇ ಹೀಗೆ ತೂಕ ಅಳೆದಿಟ್ಟ ಕ್ರಮ ನನಗೆ ತುಂಬ ಮೆಚ್ಚುಗೆ.

‘ಡಿಸಾರ್ಡರ್ಲಿ’ ಎಂಬುದಕ್ಕೆ ಕಾನೂನಿನ ವಾಸನೆ ಇದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ‘ಡಿಸಾರ್ಡರ್ಲಿ ಕಾಂಡಕ್ಟ್’ ಒಂದು ಅಪರಾಧದ ಹೆಸರು. ಇಂಗ್ಲೆಂಡಿನಲ್ಲಿ ಕುಡಿದು ಬೀದಿಯಲ್ಲಿ ಹಿಡಿತ ತಪ್ಪಿ ನಡೆದುಕೊಳ್ಳುವುದು ‘ಡ್ರಂಕ್ ಅಂಡ್ ಡಿಸಾರ್ಡರ್ಲಿ’. 1967ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 91ನೇ ಸೆಕ್ಷನ್ ಅದನ್ನು ಅಪರಾಧ ಎನ್ನುತ್ತದೆ. ನಮ್ಮ ಲೋಕಸಭೆಯ ನಿಯಮ 373 ಕೂಡ ಸದಸ್ಯರ ನಡವಳಿಕೆ ‘ಗ್ರಾಸ್ಲಿ ಡಿಸಾರ್ಡರ್ಲಿ’ ಎಂದು ಸ್ಪೀಕರ್‌ಗೆ ಕಂಡರೆ ಸದನದಿಂದ ಹೊರಗೆ ಹೋಗಲು ಹೇಳಬಹುದು ಎನ್ನುತ್ತದೆ. ಹೊರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ನಾನು ಒತ್ತಿ ಹೇಳುವುದು: ಹಾಸ್ಟೆಲಿನಲ್ಲಿ ಜೋರಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳುವ ಈಮೇಲ್‌ನಲ್ಲಿ ‘ಮೈ ಡಿಸಾರ್ಡರ್ಲಿ ಕಾಂಡಕ್ಟ್’ ಎಂದು ಬರೆಯಬೇಡಿ. ಮಾಡದ ಅಪರಾಧವನ್ನು ನೀವೇ ಒಪ್ಪಿಕೊಂಡ ಹಾಗೆ ಓದಿಸಿಕೊಳ್ಳುತ್ತದೆ. ‘ದ ನಾಯ್ಸ್ ವಿ ಮೇಡ್’ ಎಂದರೆ ಸಾಕು, ಮಾಡಿದ್ದು ಅಷ್ಟೇ ತಾನೆ.

‘ಹೂಲಿಗನ್’ 1898ರ ಹೊತ್ತಿಗೆ ಲಂಡನ್ನಿನ ಪತ್ರಿಕೆಗಳಲ್ಲಿ ಓಡಾಡತೊಡಗಿದ ಪದ. ಬೀದಿಯಲ್ಲಿ ಹೊಡೆದಾಟ ಮಾಡುತ್ತ ತಿರುಗುವ ಪಡ್ಡೆ ಹುಡುಗರಿಗೆ ಅಂಟಿದ ಹೆಸರು. ಐರಿಷ್ ಮನೆತನದ ಹೆಸರೊಂದರಿಂದ ಬಂದಿರಬಹುದು ಎನ್ನುತ್ತಾರೆ. ಈಗ ಫುಟ್‌ಬಾಲ್ ಪುಂಡರ ಜೊತೆ ಹೆಚ್ಚಾಗಿ ಕೇಳಿಬರುತ್ತದೆ. ಕನ್ನಡದ ‘ಪುಂಡ’ ಎಂಬುದಕ್ಕೆ ಇದು ಹತ್ತಿರ. ‘ವ್ಯಾಂಡಲ್’ ಎಂದರೆ ಸಾರ್ವಜನಿಕ ಆಸ್ತಿಯನ್ನು ಹಾಳುಗೆಡವುವವನು. 455ರಲ್ಲಿ ರೋಮ್ ನಗರವನ್ನು ಲೂಟಿ ಮಾಡಿದ ಜನಾಂಗದ ಹೆಸರು ಅದು. ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಪ್ರೇಮಿಗಳ ಹೆಸರು ಗೀಚುವವನಿಗೆ ಸರಿಯಾದ ಇಂಗ್ಲಿಷ್ ಇದು. ಅವನು ಸದ್ದಿಲ್ಲದೆ ಗೀಚಿ ಹೋಗುತ್ತಾನೆ, ಆದ್ದರಿಂದ ‘ರೌಡಿ’ ಅವನಿಗೆ ಒಪ್ಪದು; ಮಾಡಿದ ಹಾನಿ ಮಾತ್ರ ಗದ್ದಲಕ್ಕಿಂತ ದೊಡ್ಡದು.

‘ಥಗ್’ ನಮ್ಮ ಕಡೆಯಿಂದಲೇ ಹೋದದ್ದು, ಹಿಂದಿಯ ಠಗ್. ‘ಗೂಂಡಾ’ ಕೂಡ ಭಾರತೀಯ ಇಂಗ್ಲಿಷಿನಲ್ಲಿ ಸಲೀಸು, ನಮ್ಮ ರಾಜ್ಯದಲ್ಲಂತೂ 1985ರ ಕಾಯ್ದೆಯೊಂದರ ಅಡ್ಡಹೆಸರೇ ‘ಗೂಂಡಾ ಕಾಯ್ದೆ’. ಅದರಡಿ ವಿಚಾರಣೆಗೆ ಮುಂಚೆಯೇ ಮುನ್ನೆಚ್ಚರಿಕೆಯಾಗಿ 12 ತಿಂಗಳವರೆಗೆ ಬಂಧನದಲ್ಲಿಡಬಹುದು. ಇಷ್ಟು ಭಾರದ ಪದವನ್ನು ಪಿಜಿಯಲ್ಲಿ ಜಗಳವಾಡಿದ ಸಹಪಾಠಿಗೆ ಬಳಸಬಾರದು.

ಹಂತ 5: ದೂರು ಬರೆಯುವಾಗ

ಇಲ್ಲಿಗೆ ಬಂದಾಗ ಭಾಷೆಯ ಪಾಠ ಬದುಕಿನ ಪಾಠವಾಗುತ್ತದೆ, ಸ್ವಲ್ಪ ನಿಧಾನವಾಗಿ ಓದಿ.

ಮೊದಲ ನಿಯಮ: ಹೆಸರಿಡಬೇಡಿ, ನಡೆದದ್ದನ್ನು ಬರೆಯಿರಿ. ‘ಅವರು ರೌಡಿಗಳು’ ಎಂಬ ವಾಕ್ಯದಿಂದ ವಾರ್ಡನ್‌ಗೆ ತಿಳಿಯುವುದು ನಿಮ್ಮ ಸಿಟ್ಟು ಮಾತ್ರ. ಯಾವ ತಾರೀಕು, ಎಷ್ಟು ಗಂಟೆ, ಯಾವ ಕೋಣೆ, ಎಷ್ಟು ಜನ, ಏನು ಮಾಡಿದರು, ಯಾರು ನೋಡಿದರು — ಈ ಕ್ರಮದಲ್ಲಿ ಬರೆಯಿರಿ. ಒಬ್ಬ ಹುಡುಗ ‘ಸರ್, ನನ್ನ ರೂಮಿನವರು ರೌಡಿಗಳು, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂದು ಬರೆದಿದ್ದಾನೆ ಎಂದುಕೊಳ್ಳಿ. ಅವನನ್ನು ಕೂರಿಸಿ ಕೇಳಿದರೆ ವಿಷಯ ಹೊರಬರುತ್ತದೆ: ರಾತ್ರಿ ಒಂದು ಗಂಟೆಗೆ ನಾಲ್ಕು ಜನ ಸೀನಿಯರ್‌ಗಳು ಬಾಗಿಲು ಬಡಿದು ಎಬ್ಬಿಸಿ, ಹಾಡು ಹೇಳಿಸಿ, ಹೇಳದಿದ್ದಾಗ ಪುಸ್ತಕ ಕಿಟಕಿಯಿಂದ ಎಸೆದರು. ಈ ಒಂದು ವಾಕ್ಯ ಅವನ ಇಡೀ ಪತ್ರಕ್ಕಿಂತ ಬಲವಾದದ್ದು. ಅದರಲ್ಲಿ ಯಾವ ಬೈಗುಳವೂ ಇಲ್ಲ.

ಇನ್ನೂ ಮುಖ್ಯವಾದ ಮಾತು. ಆ ಘಟನೆಗೆ ಇಂಗ್ಲಿಷಿನಲ್ಲಿ ಇಡಬೇಕಾದ ಹೆಸರು ‘ರ್‍ಯಾಗಿಂಗ್’. ‘ರೌಡಿ ಬಿಹೇವಿಯರ್’ ಎಂದು ಬರೆದರೆ ಕಾಲೇಜು ಅದನ್ನು ಹಾಸ್ಟೆಲ್ ಶಿಸ್ತಿನ ವಿಷಯ ಎಂದು ಪಕ್ಕಕ್ಕಿಡಬಹುದು. ‘ರ್‍ಯಾಗಿಂಗ್’ ಎಂದು ಬರೆದರೆ ಯುಜಿಸಿಯ 2009ರ ನಿಯಮಾವಳಿ ಅನ್ವಯವಾಗುತ್ತದೆ, ರ್‍ಯಾಗಿಂಗ್ ವಿರೋಧಿ ಸಮಿತಿ ಅದನ್ನು ನೋಡಲೇಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೂ ಕರೆ ಮಾಡಬಹುದು. ಸರಿಯಾದ ಒಂದು ಪದ ಆರಿಸಿದ್ದರಿಂದ ದೂರಿನ ಗತಿಯೇ ಬದಲಾಗುವ ಉದಾಹರಣೆ ಇದು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳೂ ವಿಶ್ವವಿದ್ಯಾಲಯವೂ ಇರುವ ನಮ್ಮ ಊರಿನ ಪ್ರತಿ ಹೊಸ ವಿದ್ಯಾರ್ಥಿಗೂ ಇದು ಗೊತ್ತಿರಬೇಕು.

ಪೊಲೀಸರಿಗೆ ದೂರು ಕೊಡುವುದಾದರೆ ಇಂಗ್ಲಿಷಿನ ಗೊಡವೆಯೇ ಬೇಡ. ಕನ್ನಡದಲ್ಲೇ ಬರೆಯಿರಿ, ಅದು ನಮ್ಮ ರಾಜ್ಯದ ಆಡಳಿತ ಭಾಷೆ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದ್ದನ್ನು ಠಾಣೆಯವರೇ ಬರೆದುಕೊಂಡು ಓದಿ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಂತೆ ಎಲೆಕ್ಟ್ರಾನಿಕ್ ಮೂಲಕ ಮಾಹಿತಿ ಕೊಟ್ಟು 3 ದಿನದೊಳಗೆ ಸಹಿ ಹಾಕಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಗಲಾಟೆ ನಡೆಯುತ್ತಿರುವಾಗಲೇ ಸಹಾಯ ಬೇಕಿದ್ದರೆ 112ಕ್ಕೆ ಕರೆ ಮಾಡಿ.

ಎಫ್‌ಐಆರ್ ಕೈಗೆ ಬಂದಾಗ ಅದರಲ್ಲಿ ‘ರೌಡಿ’ ಎಂಬ ಅಪರಾಧ ಹುಡುಕಬೇಡಿ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಾಗೊಂದು ಅಪರಾಧವಿಲ್ಲ. ಅಲ್ಲಿರುವುದು ಕೃತ್ಯಗಳ ಹೆಸರು. ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕೆಡಿಸಿದರೆ 194ನೇ ಸೆಕ್ಷನ್, ಇಂಗ್ಲಿಷಿನಲ್ಲಿ ‘ಅಫ್ರೇ’. ಐದು ಅಥವಾ ಹೆಚ್ಚು ಜನ ಕಾನೂನುಬಾಹಿರ ಉದ್ದೇಶದಿಂದ ಸೇರಿದರೆ 189, ಅಕ್ರಮ ಕೂಟ. ಆ ಕೂಟ ಬಲಪ್ರಯೋಗ ಮಾಡಿದರೆ 191, ದೊಂಬಿ, ಇಂಗ್ಲಿಷಿನ ‘ರಯಟಿಂಗ್’. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಜನರಿಗೆ ಕಿರಿಕಿರಿ ಮಾಡಿದರೆ 355. ಶಿಕ್ಷೆ 24 ಗಂಟೆವರೆಗಿನ ಸಾದಾ ಸೆರೆವಾಸ ಇಲ್ಲವೆ 1,000 ರೂಪಾಯಿವರೆಗೆ ದಂಡ ಇಲ್ಲವೆ ಎರಡೂ, ಅಥವಾ ಸಮುದಾಯ ಸೇವೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 92ನೇ ಸೆಕ್ಷನ್ ಬೀದಿಯ ಸಣ್ಣಪುಟ್ಟ ಉಪದ್ರವಗಳಿಗೆ. ಅದೇ ಕಾಯ್ದೆಯ 55ನೇ ಸೆಕ್ಷನ್ ಗಡಿಪಾರಿನದು. ಇಷ್ಟನ್ನು ತಿಳಿದಿದ್ದರೆ ‘ಅವನು ರೌಡಿ ಸರ್’ ಎನ್ನುವ ಬದಲು ‘ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಎಲ್ಲರಿಗೂ ಅವಾಚ್ಯ ಶಬ್ದಗಳಿಂದ ಬೈಯುತ್ತಿದ್ದ’ ಎನ್ನುತ್ತೀರಿ. ಪೊಲೀಸರಿಗೆ ಬೇಕಾದದ್ದು ಅದೇ.

ಎಚ್ಚರಿಕೆಯ ಮಾತೊಂದು. ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ದೂರು ಕೊಡುವುದಕ್ಕೆ ಕಾನೂನಿನ ರಕ್ಷಣೆ ಇದೆ. ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಆ ರಕ್ಷಣೆ ಇಲ್ಲ. ‘ಇಂಥವನು ರೌಡಿ ಶೀಟರ್, ಹುಷಾರು’ ಎಂದು ಫೋಟೊ ಸಮೇತ ಹಾಕಿದರೆ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಂತೆ ಮಾನನಷ್ಟದ ಪ್ರಕರಣ ನಿಮ್ಮ ಮೇಲೆಯೇ ಬರಬಹುದು. ಹೇಳುವುದಿದ್ದರೆ ಠಾಣೆಯಲ್ಲಿ ಹೇಳಿ.

ಕಚೇರಿಯ ಎಚ್‌ಆರ್‌ಗೆ ಬರೆಯುವುದಿದ್ದರೆ ಇದೇ ಕ್ರಮ. ಸಹೋದ್ಯೋಗಿ ಮೀಟಿಂಗಿನಲ್ಲಿ ಮೇಜು ಗುದ್ದಿ ಕೂಗಾಡಿದರೆ ‘ಹಿ ಶೌಟೆಡ್ ಅಂಡ್ ಬ್ಯಾಂಗ್ಡ್ ದ ಟೇಬಲ್’ ಎಂದಷ್ಟೇ ಬರೆಯಿರಿ. ವಿಶೇಷಣ ಬೇಕೇ ಬೇಕೆನಿಸಿದರೆ ‘ಅನ್‌ಪ್ರೊಫೆಷನಲ್’ ಹಾಕಿ.

ಹಂತ 6: ಪತ್ರಿಕೆ ಓದುವವರಿಗೆ, ಪರೀಕ್ಷೆ ಬರೆಯುವವರಿಗೆ

ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಎರಡೂ ಅರ್ಥ ಬರುತ್ತವೆ. ‘ರೌಡಿ’ ಪದದ ಜೊತೆ ‘ಶೀಟರ್’, ‘ಎಲಿಮೆಂಟ್ಸ್’, ‘ಗ್ಯಾಂಗ್’ ಇದ್ದರೆ ನಮ್ಮ ಅರ್ಥ. ‘ಸೀನ್ಸ್’, ‘ಫ್ಯಾನ್ಸ್’, ‘ಕ್ರೌಡ್’ ಇದ್ದರೆ ಇಂಗ್ಲಿಷ್ ಅರ್ಥ. ಯಾರೆಂದು ಗೊತ್ತಿಲ್ಲದ ಕಿಡಿಗೇಡಿಗಳಿಗೆ ಅವರು ಬಳಸುವುದು ‘ಮಿಸ್ಕ್ರಿಯಂಟ್ಸ್’. ಅನುವಾದ ಮಾಡುವವರು ಅದಕ್ಕೆ ರೌಡಿಗಳು ಎಂದು ಹಾಕದಿರಿ.

ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸಮಾನಾರ್ಥಕ ಕೇಳಿದರೆ ಆಯ್ಕೆಗಳಲ್ಲಿ ‘ಅನ್‌ರೂಲಿ’, ‘ಡಿಸಾರ್ಡರ್ಲಿ’, ‘ಬಾಯ್‌ಸ್ಟರಸ್’ ಇವುಗಳಲ್ಲಿ ಒಂದಿರುತ್ತದೆ. ವಿರುದ್ಧ ಪದಕ್ಕೆ ‘ಆರ್ಡರ್ಲಿ’, ‘ಪೀಸ್‌ಫುಲ್’, ‘ವೆಲ್ ಬಿಹೇವ್ಡ್’. ಕನ್ನಡದ ಅರ್ಥವನ್ನು ತಲೆಯಲ್ಲಿಟ್ಟುಕೊಂಡವರು ‘ಕ್ರಿಮಿನಲ್’ ಎಂಬ ಆಯ್ಕೆಗೆ ಗುರುತು ಹಾಕುತ್ತಾರೆ, ಅಂಕ ಹೋಗುತ್ತದೆ.

ಹಂತ 7: ಮಗುವಿನ ರಿಪೋರ್ಟ್ ಕಾರ್ಡಿನಲ್ಲಿ ಈ ಪದ ಬಂದರೆ

ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಓದುವ ಮಗುವಿನ ಬಗ್ಗೆ ಟೀಚರ್ ‘ಎ ಬಿಟ್ ರೌಡಿ ಇನ್ ಕ್ಲಾಸ್’ ಎಂದು ಬರೆದಿರುತ್ತಾರೆ. ಮನೆಯಲ್ಲಿ ಅಜ್ಜಿಗೆ ಓದಿ ಹೇಳಿದ ಕೂಡಲೇ ರಾದ್ಧಾಂತ. ‘ನಮ್ಮ ಹುಡುಗನ್ನ ರೌಡಿ ಅಂತ ಬರೆದಾರಲ್ಲೋ!’ ಎಂದು ಅಪ್ಪ ಶಾಲೆಗೆ ಹೊರಡುವುದಕ್ಕೂ ಮೊದಲು ಮಗುವಿಗೆ ನಾಲ್ಕು ಬಿಗಿದಿರುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಾತಿಗೆ ಸರಿಯಾದ ಕನ್ನಡ ‘ತರಗತಿಯಲ್ಲಿ ಸ್ವಲ್ಪ ಗಲಾಟೆ ಮಾಡುತ್ತಾನೆ’ ಎಂದಷ್ಟೇ. ಟೀಚರ್‌ಗೂ ಅದಕ್ಕಿಂತ ಹೆಚ್ಚಿನ ಉದ್ದೇಶ ಇರುವುದಿಲ್ಲ.

ಪೋಷಕರ ಸಭೆಗೆ ಹೋದಾಗ ಜಗಳಕ್ಕೆ ನಿಲ್ಲದೆ, ಟೀಚರ್ ಹತ್ತಿರ ಮೂರು ವಿಷಯ ಕೇಳಿ. ಯಾವ ಪೀರಿಯಡ್ಡಿನಲ್ಲಿ ಹೆಚ್ಚು ಗಲಾಟೆ ಮಾಡುತ್ತಾನೆ? ಯಾರ ಪಕ್ಕ ಕೂತಾಗ? ಮಾತಾಡುವುದೋ, ಓಡಾಡುವುದೋ, ಬೇರೆ ಮಕ್ಕಳಿಗೆ ಹೊಡೆಯುವುದೋ? ಮೊದಲೆರಡಕ್ಕೆ ಜಾಗ ಬದಲಿಸಿದರೆ ಎಷ್ಟೋ ಸಲ ಮುಗಿದುಹೋಗುತ್ತದೆ. ಹೊಡೆಯುವುದು ಎಂದರೆ ಮಗುವಿನ ಜೊತೆ ಕೂತು ಮಾತಾಡಬೇಕು, ಬೇಕಿದ್ದರೆ ಆಪ್ತಸಲಹೆಗಾರರನ್ನು ಕಾಣಬೇಕು. ಟೀಚರ್‌ಗಳಿಗೂ ನನ್ನ ಕೋರಿಕೆ ಇದೆ: ಕನ್ನಡದ ಮನೆಗಳಿಗೆ ಹೋಗುವ ಕಾರ್ಡಿನಲ್ಲಿ ಈ ಪದ ಬೇಡ. ‘ಟಾಕ್ಸ್ ಎ ಲಾಟ್ ಡ್ಯೂರಿಂಗ್ ಲೆಸನ್ಸ್’ ಎಂದು ಬರೆಯಿರಿ. ಆಗ ಅಪ್ಪ ಅಮ್ಮ ಓದಿ, ಮಗನನ್ನು ಕರೆದು, ‘ಯಾರ ಹತ್ರ ಅಷ್ಟು ಮಾತಾಡ್ತೀಯಪ್ಪ?’ ಎಂದು ಕೇಳಿಯಾರು.